ಬೋರಣ್ಣ ಮೇಸ್ತ್ರಿ ಕಟ್ಟಿದ ಸೊಟ್ಟ ಗೋಡೆ

ಬಡವನಹಳ್ಳಿಯಲ್ಲಿ ತಾರಸಿ ಹಾಕಿದ ಹತ್ತು ಮನೆ ಇದ್ದರೆ ಅದರಲ್ಲಿ ನಾಲ್ಕು ನಾನು ಕಟ್ಟಿದ್ದು. ಮಿಕ್ಕ ಆರು ಬಿರುಕು ಬಿಟ್ಟಿವೆ. ಇದು ಜಂಬದ ಮಾತಲ್ಲ, ಬೇಕಾದವರು ಬಂದು ನೋಡಿಕೊಳ್ಳಬಹುದು. ನನ್ನ ಹೆಸರು ಬೋರಣ್ಣ. ನಮ್ಮಪ್ಪ ಕುರಿ ಕಾಯುತ್ತಿದ್ದ, ನಮ್ಮಣ್ಣ ದೊಡ್ಡರಂಗಪ್ಪ ಇವತ್ತಿಗೂ ಕಾಯುತ್ತಾನೆ, ನಾನೊಬ್ಬನೇ ಹದಿನಾರನೇ ವಯಸ್ಸಿಗೆ ಕುರಿ ಬಿಟ್ಟು ಕರಣೆ ಹಿಡಿದವನು. ನಲವತ್ತು ವರ್ಷವಾಯಿತು. ಮೂಲೆಮಟ್ಟ ಇಟ್ಟರೆ ಕೂದಲೆಳೆಯಷ್ಟೂ ಸಂದು ಕಾಣಬಾರದು, ಗುಂಡಿನ ದಾರ ಇಳಿಬಿಟ್ಟರೆ ಮೇಲಿಂದ ಕೆಳಗಿನವರೆಗೂ ಗೋಡೆಗೂ ದಾರಕ್ಕೂ ಒಂದೇ ದೂರ ಇರಬೇಕು. ಹಾಗಿದ್ದರೆ ಅದು ಗೋಡೆ. ಇಲ್ಲದಿದ್ದರೆ ಬೈಲಪ್ಪನ ಕೆಲಸ.

ಬೈಲಪ್ಪ ಅಂದರೆ ನಮ್ಮೂರಿನ ಇನ್ನೊಬ್ಬ ಮೇಸ್ತ್ರಿ. ಅವನ ಮಾತು ಮುಂದೆ ಬರುತ್ತದೆ. ನಾನು ತರದಿದ್ದರೂ ಅವನೇ ಬರುತ್ತಾನೆ, ಅವನ ಸ್ವಭಾವ ಅದು.

ನನಗಿರುವುದು ಒಬ್ಬಳೇ ಮಗಳು, ಪವಿತ್ರ. ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಐದು ವರ್ಷ ಕೆಲಸ ಕಲಿತಳು. ಹೋದ ವರ್ಷ ಯುಗಾದಿಗೆ ಬಂದವಳು, "ಅಪ್ಪಾ, ಮಹಡಿ ಮ್ಯಾಲೆ ನಂಗೊಂದು ರೂಮ್ ಕಟ್ಟಿಕೊಡು. ಇಲ್ಲೇ ಸ್ಟುಡಿಯೋ ಮಾಡ್ತೀನಿ. ಅಳತೆ ನಾನು ಬರ್ದು ಕಳಿಸ್ತೀನಿ, ಅಲ್ಲೀತಂಕ ಶುರು ಮಾಡ್ಬೇಡ" ಅಂತ ಹೇಳಿ, ಅಲ್ಲಿಯ ಕೆಲಸ ಮುಗಿಸಿ ಬರಲು ಬೆಂಗಳೂರಿಗೆ ಹೋದಳು.

ಮಗಳಿಗೆ ಕಟ್ಟುವ ಕೋಣೆಗೆ ಮಗಳು ಅಳತೆ ಕೊಡುವುದೇ? ನಾನು ಕಾಯಲಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಚಚ್ಚೌಕದ ಕೋಣೆಯೇ ಕೋಣೆ ಅನ್ನುತ್ತಿದ್ದರು. ಅಂಥದೊಂದನ್ನು ಬೇರೆಯವರ ಮನೆಯಲ್ಲಿ ಕಟ್ಟುವ ಅವಕಾಶ ನನಗೆ ಸಿಕ್ಕಿರಲಿಲ್ಲ, ಯಾವಾಗಲೂ ಜಾಗದ ಅಡಚಣೆ. ನನ್ನ ಮಹಡಿಯ ಮೇಲೆ ಯಾರ ಅಡಚಣೆ? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ನಾಲ್ಕೂ ಗೋಡೆಗೆ ನಾನೇ ಗಾರೆ ಮಾಡಿದೆ, ಆಳುಗಳನ್ನು ಮುಟ್ಟಲು ಬಿಡಲಿಲ್ಲ. ಕೈ ಇಟ್ಟರೆ ಜಾರಬೇಕು, ಹಾಗೆ ನುಣುಪು ತೆಗೆದೆ. ಪವಿತ್ರ ಬಂದಾಗ ತಾರಸಿಯೂ ಬಿದ್ದಾಗಿತ್ತು. ಅವಳು ಬಾಗಿಲಲ್ಲಿ ನಿಂತು ಗೋಡೆ ನೋಡಿದಳು, ಸೂರು ನೋಡಿದಳು, ಮತ್ತೆ ಗೋಡೆ ನೋಡಿದಳು.

"ಚೆನ್ನಾಗೈತೆ ಅಪ್ಪಾ" ಅಂದಳು. ದನಿಯಲ್ಲಿ ಏನೋ ಇತ್ತು. ಖುಷಿ ಇರಬೇಕು ಅಂದುಕೊಂಡೆ.

ಅವಳು ತಂದದ್ದು ಮುಖ್ಯವಾಗಿ ಎರಡು ಕಪ್ಪು ಸ್ಪೀಕರ್. ಅದಕ್ಕೆ ಮಾನಿಟರ್ ಅನ್ನುತ್ತಾರಂತೆ. ಇಷ್ಟು ಚಿಕ್ಕ ಡಬ್ಬಕ್ಕೆ ಇಷ್ಟು ಜೋಪಾನ ಯಾಕೆ ಎಂದು ಕೇಳಿದರೆ, "ಅಪ್ಪಾ, ಬ್ಯಾರೆ ಸ್ಪೀಕರ್ ಇರೋದು ಹಾಡು ಕೇಳಾಕೆ. ಇದಿರೋದು ಹಾಡಿನ ತಪ್ಪು ಕೇಳಾಕೆ. ಇದು ಏನನ್ನೂ ಸಿಹಿ ಮಾಡಿ ಹೇಳಲ್ಲ" ಅಂದಳು. ನನ್ನ ಹೆಂಡತಿ ಕೊಲ್ಲಾಪುರಮ್ಮ ಅಲ್ಲೇ ಇದ್ದವಳು, "ಮನೇಲಿ ನಾನೊಬ್ಳಿದ್ದೆ ಸಾಲ್ದಾಗಿತ್ತಾ" ಅಂದಳು.

ಸ್ಪೀಕರ್ ಅಲುಗಾಡಬಾರದು, ಮೇಜಿನ ಮೇಲೆ ಇಡಬಾರದು, ಕೂತವರ ಕಿವಿಯ ಮಟ್ಟಕ್ಕೆ ಇರಬೇಕು ಎಂದಳು. ಪೊಳ್ಳು ಕಾಂಕ್ರೀಟ್ ಇಟ್ಟಿಗೆಯನ್ನು ಒಂದರ ಮೇಲೊಂದು ಕೂರಿಸಿ, ಒಳಗೆ ಮರಳು ತುಂಬಿ ಎರಡು ಕಂಬ ಮಾಡಿಕೊಟ್ಟೆ. ಮೇಲೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಸಿದಳು. ಆಮೇಲೆ ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ ಒಂದೊಂದರಿಂದ ಅವಳ ತಲೆಗೂ ಅಷ್ಟೇ ದೂರ ಬರಬೇಕು ಎಂದಳು. ಟೇಪ್ ಹಿಡಿದು ಒದ್ದಾಡುತ್ತಿದ್ದಳು. ನಾನು ಮೂರು ಮೊಳೆಗೆ ದಾರ ಕಟ್ಟಿ ಎಳೆದು ಒಂದೇ ನಿಮಿಷದಲ್ಲಿ ತೋರಿಸಿದೆ. ಇಡೀ ಸ್ಟುಡಿಯೋದಲ್ಲಿ ನನಗೆ ಅರ್ಥವಾದ ಮೊದಲ ವಿಷಯ ಅದು, ಬಹಳ ಸಂತೋಷವಾಯಿತು.

ಆರು ತಿಂಗಳು ಸಣ್ಣಪುಟ್ಟ ಕೆಲಸ ಬಂತು. ಗೊರವನಹಳ್ಳಿಗೆ ಹೋಗುವ ಬಸ್ಸಿನವರಿಗೆ ಭಕ್ತಿಗೀತೆ, ಆಟೋದಲ್ಲಿ ಕೂಗಿಸುವ ಜಾಹೀರಾತು, ಮಧುಗಿರಿಯ ಒಂದು ಶಾಲೆಯ ಪ್ರಾರ್ಥನೆ. ಯಾರೂ ದೂರು ಹೇಳಲಿಲ್ಲ. ಆಮೇಲೆ ಅಡವಯ್ಯನ ಕೆಲಸ ಬಂತು.

ಅಡವಯ್ಯ ಶಿರಾ ತಾಲ್ಲೂಕಿನವನು, ಪಟ್ಟನಾಯಕನಹಳ್ಳಿ ಪಕ್ಕ ಕುರಿ ಸಾಕುವವರ ಹಟ್ಟಿಯಲ್ಲಿದ್ದಾನೆ. ಎಪ್ಪತ್ತೇಳು ವರ್ಷ. ಗಣೆ ಊದುತ್ತಾನೆ. ಗಣೆ ಅಂದರೆ ಆಳುದ್ದದ ಬಿದಿರು, ಕೊಳಲಿಗೆ ದೊಡ್ಡಪ್ಪ ಅನ್ನಿ. ಅದರ ಕೆಳಸ್ವರ ಕಿವಿಗೆ ಬರುವುದಕ್ಕೆ ಮುಂಚೆ ಎದೆಗೆ ಬರುತ್ತದೆ. ಊದುತ್ತ ಊದುತ್ತ ನಡುವೆ ನಿಲ್ಲಿಸಿ ದೇವರ ಪದ ಹೇಳುತ್ತಾನೆ, ಮತ್ತೆ ಊದುತ್ತಾನೆ, ಪಕ್ಕದಲ್ಲೊಬ್ಬ ತಾಳ ಹಾಕುತ್ತಾನೆ. ಬೆಂಗಳೂರಿನ ಒಂದು ಸಂಸ್ಥೆಯವರು ನಮ್ಮ ಕಡೆಯ ಹಳೆಯ ವಾದ್ಯಗಳದ್ದೊಂದು ಸಂಪುಟ ತರುತ್ತಿದ್ದರು. ಅದನ್ನು ನೋಡಿಕೊಳ್ಳುವ ನಾಗಭೂಷಣ್ ಎಂಬುವರು ಪವಿತ್ರಳಿಗೆ ಹಳೆಯ ಪರಿಚಯ. ಗಣೆಯನ್ನು ನೀವೇ ಮಾಡಿಕೊಡಿ, ಸರಿ ಬಂದರೆ ಮುಂದೆ ನೋಡೋಣ ಎಂದಿದ್ದರು.

ಅಡವಯ್ಯನ ಗಣೆ ದೇವರ ಸೊತ್ತು, ಹಟ್ಟಿಯ ಎಲ್ಲೆ ದಾಟುವುದಿಲ್ಲ. ಅದಕ್ಕೆ ಪವಿತ್ರಳೇ ಮೈಕು ಹೊತ್ತು ಅಲ್ಲಿಗೆ ಹೋಗಿ ಬೇವಿನ ಮರದ ಕೆಳಗೆ ರೆಕಾರ್ಡ್ ಮಾಡಿದಳು. ನಾನೂ ಜೊತೆಗಿದ್ದೆ. ಎಲ್ಲ ಮುಗಿದ ಮೇಲೆ ಅಡವಯ್ಯ ಅವಳ ಕೈಗೆ ಎಲೆ ಅಡಿಕೆ ಇಟ್ಟು, "ನೋಡಮ್ಮ, ನನ್ ಉಸ್ರು ನಿನ್ ಕೈಲಿ ಕೊಟ್ಟಿವ್ನಿ. ಇನ್ನೊಬ್ರ ಕೈಗೆ ದಾಟುಸ್ಬೇಡ. ನೀನೇ ಮುಗ್ಸು, ನಂಗೆ ಕೇಳ್ಸು, ಆಮ್ಯಾಲೆ ಎಲ್ಲಿಗಾರ ಕಳ್ಸು" ಅಂದ. ಪವಿತ್ರ ಎಲೆ ಅಡಿಕೆ ಕಣ್ಣಿಗೊತ್ತಿಕೊಂಡಳು. ನಮ್ಮಲ್ಲಿ ಹಾಗೆ ಈಸಿಕೊಂಡರೆ ಮಾತು ಕೊಟ್ಟ ಹಾಗೆ.

ಮನೆಗೆ ಬಂದು ವಾರಗಟ್ಟಲೆ ಕೂತು ಗಣೆಯ ಸದ್ದು, ಪದದ ದನಿ, ತಾಳ ಮೂರನ್ನೂ ಹದವಾಗಿ ಕೂಡಿಸಿದಳು. ಅಡವಯ್ಯನನ್ನು ಕೇಳಿ ಒಪ್ಪಿಸಿ, ಒಂದು ತುಣುಕನ್ನು ಮಾತ್ರ ನೋಡಲೆಂದು ಬೆಂಗಳೂರಿಗೆ ಕಳಿಸಿದಳು. ನಾಗಭೂಷಣ್ ಉತ್ತರ ಬಂತು. ಗಣೆ ಹಂಡೆಯೊಳಗೆ ಊದಿದ ಹಾಗೆ ಗುಮ್ಮೆನ್ನುತ್ತಿದೆ, ಅದು ನಿಂತ ಮೇಲೆ ಬರುವ ಪದ ಕಿವಿಗೇ ಹತ್ತುತ್ತಿಲ್ಲ. ಪವಿತ್ರ ಮೇಜನ್ನು ಹಿಂದಕ್ಕೆ ಎಳೆದು, ಕುರ್ಚಿಯನ್ನು ಕೋಣೆಯ ನಡುಮಧ್ಯಕ್ಕೆ ತಂದು, ಮತ್ತೆ ಎಲ್ಲವನ್ನೂ ಹೊಸದಾಗಿ ಮಾಡಿ ಅದೇ ತುಣುಕನ್ನು ಕಳಿಸಿದಳು. ಈ ಸಲ ಅದರ ಉಲ್ಟಾ. ಗಣೆಗೆ ಮೈಯೇ ಇಲ್ಲ, ಬಡಕಲು. ಕೆಳಗೆ ಇನ್ನೊಂದು ಸಾಲು ಬರೆದಿದ್ದರು. ತಿಂಗಳ ಕೊನೆಗೆ ಸಂಪುಟ ಮುಗಿಯಬೇಕು, ಇನ್ನೊಂದು ಸಲ ಕೇಳುತ್ತೇನೆ, ಆಗದಿದ್ದರೆ ಮೂಲ ರೆಕಾರ್ಡಿಂಗ್ ಕಳಿಸಿಬಿಡಿ, ಇಲ್ಲಿ ನಮ್ಮವರು ಮಾಡುತ್ತಾರೆ, ಅದೂ ಬೇಡವಾದರೆ ಗಣೆಯನ್ನು ಕೈಬಿಡಬೇಕಾಗುತ್ತದೆ.

ಕಳಿಸಿದರೆ ಅಡವಯ್ಯನಿಗೆ ಕೊಟ್ಟ ಮಾತು ಹೋಯಿತು. ಕಳಿಸದಿದ್ದರೆ ಸಂಪುಟದಿಂದ ಅಡವಯ್ಯನೇ ಹೋದ. ಎರಡರಲ್ಲಿ ಯಾವುದಾದರೂ ಬಡವನಹಳ್ಳಿಯ ಸ್ಟುಡಿಯೋ ಆಟೋ ಜಾಹೀರಾತಿಗೆ ಮಾತ್ರ ಲಾಯಕ್ಕು ಎಂದು ಬೆಂಗಳೂರಿನವರು ಬರೆದಿಟ್ಟುಕೊಳ್ಳುತ್ತಾರೆ. ಹದಿನೆಂಟು ದಿನ ಉಳಿದಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಪವಿತ್ರ ಮುದ್ದೆ ಮುರಿಯಲೇ ಇಲ್ಲ.

"ನಿನ್ ಮಿಶೀನು ಸರಿ ಇಲ್ಲ ಕಣಮ್ಮ. ಬದಲಾಯ್ಸು" ಅಂದೆ.

"ಮಿಶೀನ್ ಸರಿ ಐತೆ."

"ಮತ್ತೆ ಅಡವಯ್ಯ ಸರಿಯಾಗಿ ಊದಿಲ್ಲ."

"ತಾತ ಸರಿಯಾಗೇ ಊದವ್ರೆ."

"ಮತ್ತೇನು ಸರಿ ಇಲ್ಲ?"

ಅವಳು ತಲೆ ಎತ್ತಲಿಲ್ಲ. "ರೂಮ್ ಸರಿ ಇಲ್ಲ ಅಪ್ಪಾ."

ನನಗೆ ಕೋಪ ಬಂದರೆ ಎದ್ದು ಕೈ ತೊಳೆಯುತ್ತೇನೆ. ಅರ್ಧ ಮುದ್ದೆ ಬಿಟ್ಟು ಎದ್ದೆ. ಹೋಬಳಿಯಲ್ಲಿ ಅಂಥ ಕೋಣೆ ಇನ್ನೊಂದಿದ್ದರೆ ತೋರಿಸಲಿ. ಮೂಲೆಮಟ್ಟ ತಂದು ಅವಳ ಮುಂದೆ ಇಟ್ಟೆ. "ನಡಿ ಮ್ಯಾಲೆ. ಎಲ್ಲಿ ಸರಿ ಇಲ್ಲ ತೋರ್ಸು. ಒಂದು ನೂಲು ಅತ್ತಿತ್ತ ಇದ್ರೆ ಗೋಡೆ ಒಡ್ದಾಕ್ತೀನಿ."

"ನೂಲು ಅತ್ತಿತ್ತ ಇಲ್ದೇ ಇರೋದೇ ತೊಂದ್ರೆ" ಅಂತ ಅವಳು ಎದ್ದಳು.

ಮೇಲೆ ಹೋಗಿ ನನ್ನನ್ನು ಅವಳ ಕುರ್ಚಿಯ ಹಳೆಯ ಜಾಗದಲ್ಲಿ, ಸ್ಪೀಕರ್ ಕಡೆಯ ಗೋಡೆಯ ಸಮೀಪ ನಿಲ್ಲಿಸಿದಳು. ಕಣ್ಣು ಮುಚ್ಚು ಅಂದಳು. ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು. ಗಣೆಯ ಕೆಳಸ್ವರದಂಥದೇ ಒಂದು ಸದ್ದು, ಏರಿಳಿತವಿಲ್ಲದೆ ಒಂದೇ ಸಮ ಬರತೊಡಗಿತು. ಬಹಳ ಮೆಲ್ಲಗೆ.

"ಜೋರು ಮಾಡು" ಅಂದೆ.

"ಜೋರಾಗೇ ಐತೆ. ನೀನು ಎರಡು ಹೆಜ್ಜೆ ಹಿಂದಕ್ಕೆ ಬಾ."

ಎರಡು ಹೆಜ್ಜೆ ಹಿಂದಕ್ಕೆ ಇಟ್ಟೆ. ಸದ್ದು ಎದೆಗೆ ಗುದ್ದಿತು. ಅವಳು ಜೋರು ಮಾಡಿದಳೆಂದು ಕಣ್ಣು ಬಿಟ್ಟರೆ ಅವಳು ಕೈಕಟ್ಟಿ ದೂರ ನಿಂತಿದ್ದಾಳೆ. ಇನ್ನೆರಡು ಹೆಜ್ಜೆ ಹಿಂದಕ್ಕೆ ಹೋದೆ. ಸದ್ದು ಮಾಯ. ಕರೆಂಟು ಹೋಯಿತೇನೋ ಎಂದು ಫ್ಯಾನು ನೋಡಿದೆ, ಅದು ತಿರುಗುತ್ತಲೇ ಇತ್ತು. ಹಿಂದಿನ ಗೋಡೆಗೆ ಬೆನ್ನು ತಾಗುವ ಹೊತ್ತಿಗೆ ಮತ್ತೆ ಗುಮ್ಮೆಂದಿತು.

"ಸದ್ದು ಗೋಡೆಗೆ ಹೋಗಿ ಬಡ್ದು ವಾಪಸ್ ಬರ್ತೈತೆ. ಹೋಗೋದು ಬರೋದು ಕೆಲವು ಕಡೆ ಕೂಡ್ಕಂತವೆ, ಕೆಲವು ಕಡೆ ಒಂದನ್ನೊಂದು ತಿಂದ್ಬುಡ್ತವೆ. ಎಲ್ಲಾ ರೂಮಲ್ಲೂ ಆಗ್ತೈತೆ. ಉದ್ದ ಅಗಲ ಎತ್ತರ ಬ್ಯಾರೆ ಬ್ಯಾರೆ ಇದ್ರೆ ಅದು ಹಂಚ್ಕಂಡು ಹೋಗ್ತೈತೆ. ಇಲ್ಲಿ ಮೂರೂ ಒಂದೇ. ಅದಕ್ಕೇ ಒಂದೇ ಸ್ವರ ಮೂರು ಕಡೆಯಿಂದಾನೂ ಸಿಕ್ಕಾಕ್ಕಂತೈತೆ. ಅದೂ ಗಣೆ ಸ್ವರಾನೇ" ಅಂದಳು. "ಮೊದಲು ಕೂತಿದ್ದ ಕಡೆ ಗಣೆ ನಂಗೆ ಕೇಳ್ಲೇ ಇಲ್ಲ, ಜಾಸ್ತಿ ಮಾಡ್ದೆ. ನಡುವೆ ಕೂತಾಗ ಅತಿಯಾಗಿ ಕೇಳ್ತು, ಕಮ್ಮಿ ಮಾಡ್ದೆ."

ಗಾರೆ ಒಣಗಿದ ಮೇಲೆ ಕರಣೆಯ ಹಿಡಿಯಿಂದ ಗೋಡೆ ತಟ್ಟುತ್ತ ಹೋಗುವುದು ನಮ್ಮ ಕಸುಬಿನ ಪದ್ಧತಿ. ಗಾರೆ ಇಟ್ಟಿಗೆಯನ್ನು ಕಚ್ಚಿದ ಕಡೆ ತುಂಬಿದ ಸದ್ದು ಬರುತ್ತದೆ, ಬಿಟ್ಟ ಕಡೆ ಟೊಳ್ಳು. ನಲವತ್ತು ವರ್ಷ ಆ ಕೆಲಸ ಮಾಡಿದ ಕಿವಿ ಇದು. ಯಾರ ಮನೆಯ ಟೊಳ್ಳನ್ನಾದರೂ ಬಾಗಿಲಲ್ಲೇ ಹೇಳುತ್ತಿದ್ದೆ. ನನ್ನದೇ ಕೋಣೆಯಲ್ಲಿ ಗೋಡೆ ಗಟ್ಟಿ, ನಡುವಿನ ಗಾಳಿ ಟೊಳ್ಳು.

ಸೀಮೆಸುಣ್ಣ ಕೇಳಿದೆ. ಆ ಸದ್ದನ್ನು ನಿಲ್ಲಿಸಬೇಡ ಎಂದು ಹೇಳಿ, ಅಂಗೈಯಗಲ ಅಂಗೈಯಗಲ ಸರಿಯುತ್ತ ಇಡೀ ಕೋಣೆ ನಡೆದೆ. ತುಂಬಿದ ಕಡೆ ಸೊನ್ನೆ ಹಾಕಿದೆ, ಟೊಳ್ಳಿದ್ದ ಕಡೆ ಅಡ್ಡಗೀಟು. ಏಣಿ ಹತ್ತಿ ಸೂರಿನವರೆಗೂ ಕೇಳಿದೆ, ಅಲ್ಲೂ ಅದೇ ಲೆಕ್ಕ. ಒಂದು ಗಂಟೆ ಆದ ಮೇಲೆ ಕೆಳಗೆ ನೋಡಿದರೆ ನೆಲದ ತುಂಬ ಸೊನ್ನೆ, ಗೀಟು, ಸೊನ್ನೆ, ಗೀಟು, ಅಷ್ಟೂ ಮೂಲೆಮಟ್ಟ ಇಟ್ಟು ಎಳೆದಷ್ಟು ನೇರ. ನನ್ನ ನೇರವೇ ನನ್ನ ಮಗಳ ಕಿವಿಗೆ ಸುಳ್ಳು ಹೇಳುತ್ತಿತ್ತು. ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಯಾವ ಮಾಲೀಕನ ಮುಂದೆಯೂ ಆಗಿರಲಿಲ್ಲ.

"ಬಂದ ದಿನಾನೇ ಗೊತ್ತಾಗಿತ್ತಾ?" ಎಂದು ಕೇಳಿದೆ.

"ಗೊತ್ತಾಗಿತ್ತು."

"ಯಾಕೆ ಹೇಳ್ಲಿಲ್ಲ?"

"ನೀನು ಗೋಡೆ ಸವರ್ತಾ ನಿಂತಿದ್ದೆ ಅಪ್ಪಾ. ಹೆಂಗ್ ಹೇಳ್ಲಿ?"

ಗೋಡೆ ಒಡೆಯಲು ದಿನವಿರಲಿಲ್ಲ. ತಾರಸಿ ಅದರ ಮೇಲೆ ಕೂತಿದೆ. ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ಕಾಫಿ ಹೊತ್ತಿಗೆ ಹೇಳಿದೆ. ಹಿಂದಿನ ಗೋಡೆಯ ಮುಂದೆ ಇನ್ನೊಂದು ಗೋಡೆ ಕಟ್ಟುತ್ತೇನೆ. ನೇರಕ್ಕಲ್ಲ, ಓರೆಯಾಗಿ. ಒಂದು ತುದಿ ಹಳೆಯ ಗೋಡೆಗೆ ಒಂದಡಿ ದೂರ, ಇನ್ನೊಂದು ತುದಿ ಎರಡೂವರೆ ಅಡಿ. ಇಟ್ಟಿಗೆಗಳ ನಡುವೆ ಸಂದು ಬಿಟ್ಟು, ದನದ ಕೊಟ್ಟಿಗೆಗೆ ಗಾಳಿಗಾಗಿ ಕಟ್ಟುತ್ತೇವಲ್ಲ ಆ ಥರದ ಜಾಲರಿ ಗೋಡೆ. ಸದ್ದು ಸಂದಿನೊಳಗೆ ಹೋಗಲಿ, ಹೋದದ್ದು ವಾಪಸ್ ಬರದ ಹಾಗೆ ಹಿಂದೆ ಏನಾದರೂ ತುಂಬೋಣ.

ಪವಿತ್ರ ಲೋಟ ಕೆಳಗಿಟ್ಟಳು. "ಏನು ತುಂಬೋದು? ಬೆಂಗಳೂರಲ್ಲಿ ಅದಕ್ಕೆ ಅಂತ್ಲೇ ಹತ್ತಿ ಥರದ್ದು ಸಿಗ್ತೈತೆ. ಬರೋಕೆ ಮೂರು ವಾರ."

"ಕುರಿ ಉಣ್ಣೆ ಆಗಲ್ವಾ?"

ಅವಳು ಲ್ಯಾಪ್‌ಟಾಪ್ ತೆಗೆದು ಏನೇನೋ ಲೆಕ್ಕ ಹಾಕಿದಳು. "ಆಗ್ತೈತೆ ಅಪ್ಪಾ. ಬೋ ಚೆನ್ನಾಗೇ ಆಗ್ತೈತೆ."

"ಸಂದು ಎಷ್ಟಿರ್ಬೇಕು, ಹೇಳು" ಅಂದೆ. ಈ ಸಲ ಅಳತೆ ಕೇಳಿದೆ.

ಅಣ್ಣ ದೊಡ್ಡರಂಗಪ್ಪನ ಮನೆಯ ಹಿತ್ತಲಲ್ಲಿ ಮೂರು ವರ್ಷದ ಉಣ್ಣೆ ಚೀಲದಲ್ಲಿ ಬಿದ್ದಿತ್ತು. ಕಂಬಳಿ ನೇಯುವವರು ಕಡಿಮೆಯಾದ ಮೇಲೆ ಕೊಳ್ಳುವವರೂ ಬರುತ್ತಿರಲಿಲ್ಲ. "ಒಟ್ಟೂ ತಗಂಡೋಗು ಕಣ್ಲಾ. ಇಲಿ ಮರಿ ಹಾಕ್ತಾವೆ ಅದ್ರಾಗೆ" ಅಂದ. ಹದಿನೇಳು ಚೀಲ ತಂದೆವು. ಕೊಲ್ಲಾಪುರಮ್ಮ ಮೂಗು ಮುಚ್ಚಿಕೊಂಡು ಬೈಯುತ್ತಲೇ ಅಂಟುವಾಳದಲ್ಲಿ ಅಷ್ಟನ್ನೂ ತೊಳೆದಳು. ಬೋರಿನ ನೀರಿನ ತೊಟ್ಟಿಯ ಹತ್ತಿರ ಮೂರು ದಿನ ಅದೇ ಕೆಲಸ. ತಾರಸಿಯ ಮೇಲೆ ಹರವಿ ಒಣಗಿಸಿ, ಹುಳ ಬೀಳದಿರಲೆಂದು ಬೇವಿನೆಲೆ ಬೆರೆಸಿದಳು.

ನಾನು ದಾರ ಕಟ್ಟಿ ಓರೆ ಗೋಡೆ ಶುರು ಮಾಡಿದೆ. ಮೊದಲ ಸಾಲು ಇಡುವಾಗ ಕೈ ಒಪ್ಪಲೇ ಇಲ್ಲ. ಕೈ ತನ್ನಷ್ಟಕ್ಕೆ ಇಟ್ಟಿಗೆಯನ್ನು ನೇರಕ್ಕೆ ತಿರುಗಿಸುತ್ತಿತ್ತು, ನಾನು ಅದನ್ನು ಓರೆಗೆ ತಿರುಗಿಸುತ್ತಿದ್ದೆ. ಎರಡನೇ ದಿನ ಬೈಲಪ್ಪ ಬಂದ. ಯಾರು ಹೇಳಿದರೋ ಏನೋ, ಸೀದಾ ಮಹಡಿಗೆ ಹತ್ತಿದ.

"ಬೋರಣ್ಣ, ದಾರ ಕಟ್ಕಂಡಿದ್ದೀಯಾ?"

"ಕಾಣಲ್ವಾ? ಕಟ್ಟಿವ್ನಿ."

"ಮತ್ಯಾಕೆ ಗೋಡೆ ಹಿಂಗೆ ಓಡ್ತೈತೆ?"

"ಅದು ಅಂಗೇ ಓಡ್ಬೇಕು."

ಅವನು ನನ್ನದೇ ಮೂಲೆಮಟ್ಟ ಎತ್ತಿ ಗೋಡೆಗೆ ಹಿಡಿದ. ಸಂದಿನಲ್ಲಿ ಅವನ ಮುಷ್ಟಿ ಹೋಗುತ್ತಿತ್ತು. ಇಟ್ಟಿಗೆ ನಡುವಿನ ತೂತು ನೋಡಿದ, ಉಣ್ಣೆಯ ಚೀಲ ನೋಡಿದ, ನನ್ನ ಮುಖ ನೋಡಿದ. ಏನೂ ಹೇಳದೆ ಕೆಳಗಿಳಿದು ಹೋದ. ಬೈಲಪ್ಪ ಮಾತಾಡದೆ ಹೋದರೆ ಅದನ್ನೆಲ್ಲ ಟೀ ಅಂಗಡಿಯಲ್ಲಿ ಆಡಲು ಉಳಿಸಿಕೊಂಡಿದ್ದಾನೆ ಎಂದೇ ಅರ್ಥ. ಸಂಜೆಯೊಳಗೆ ಬೋರಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂಬ ಸುದ್ದಿ ಊರು ದಾಟಿತ್ತು. ಮಾರನೇ ದಿನ ಕೊರಟಗೆರೆಯಿಂದ ಒಬ್ಬರು ಫೋನ್ ಮಾಡಿದರು. ಅವರ ಮನೆಗೆ ನಾನು ಪಾಯ ಹಾಕಬೇಕಿತ್ತು. "ಆತುರ ಏನಿಲ್ಲ ಮೇಸ್ತ್ರಿ, ಆಪರೇಷನ್ ಮುಗುಸ್ಕಂಡೇ ಬನ್ನಿ" ಅಂದರು. ಕೊಲ್ಲಾಪುರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ. ಆದರೂ ಕೈ ನಿಲ್ಲಿಸಲಿಲ್ಲ, ಐದು ದಿನದಲ್ಲಿ ಗೋಡೆ ಸೂರು ಮುಟ್ಟಿತು.

ಅಗಲದ ತುದಿಯಲ್ಲಿ ಬಿಟ್ಟಿದ್ದ ಕಿಂಡಿಯಿಂದ ಹಿಂದೆ ಉಣ್ಣೆ ಒತ್ತಿ ತುಂಬಿದೆವು. ಮುಂದಿನ ಎರಡು ಮೂಲೆಗೆ ನೆಲದಿಂದ ಸೂರಿನವರೆಗೆ ಮರದ ಚೌಕಟ್ಟು ಹೊಡೆದು, ಉಣ್ಣೆ ತುಂಬಿ, ಬಟ್ಟೆ ಬಿಗಿದೆವು. ಕುರ್ಚಿಯ ನೆತ್ತಿಯ ಮೇಲೆ ಬಿದಿರಿನ ತಡಿಕೆಯನ್ನು ಓರೆಯಾಗಿ ತೂಗುಹಾಕಿ ಅದರ ಮೇಲೂ ಉಣ್ಣೆ ಹಾಸಿದೆವು. ಪಕ್ಕದ ಗೋಡೆಗಳಿಗೆ ಎಲ್ಲಿ ಏನು ಹಾಕಬೇಕು ಎನ್ನುವುದಕ್ಕೆ ಪವಿತ್ರ ಒಂದು ಉಪಾಯ ಮಾಡಿದಳು. ಅವಳು ಕುರ್ಚಿಯಲ್ಲಿ ಕೂತಳು, ಕೊಲ್ಲಾಪುರಮ್ಮ ತಲೆ ಬಾಚುವ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಸರಿದಳು. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲಿ "ನಿಲ್ಲವ್ವ" ಎಂದಳು. ಸ್ಪೀಕರಿನ ಸದ್ದು ಅಲ್ಲಿಗೇ ತಾಗಿ ಕಿವಿಗೆ ಚಿಮ್ಮುತ್ತದಂತೆ. ಎರಡೂ ಕಡೆ ಆ ಜಾಗಕ್ಕೆ ದಪ್ಪನೆಯ ಕರಿ ಕಂಬಳಿ ಮಡಿಸಿ ತೂಗುಹಾಕಿದೆವು. ನನ್ನ ನುಣುಪು ಗಾರೆ ಅರ್ಧ ಮುಚ್ಚಿಹೋಯಿತು.

ಎಲ್ಲ ಮುಗಿದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪವಿತ್ರ ಅದೇ ಒಂಟಿ ಸ್ವರ ಹಾಕಿದಳು. ನಾನು ಕಣ್ಣು ಮುಚ್ಚಿ ಸ್ಪೀಕರ್ ಹತ್ತಿರ ನಿಂತೆ. ಸದ್ದು ಇತ್ತು. ಎರಡು ಹೆಜ್ಜೆ ಹಿಂದಕ್ಕೆ ಇಟ್ಟೆ. ಇತ್ತು. ಇನ್ನೆರಡು ಇಟ್ಟೆ. ಗುಮ್ಮೆನ್ನಲಿಲ್ಲ, ಮಾಯವೂ ಆಗಲಿಲ್ಲ, ಒಂದೇ ಹದದಲ್ಲಿ ನನ್ನ ಜೊತೆ ನಡೆದು ಬಂತು. ಬಾಗಿಲ ಮೂಲೆಯಲ್ಲಿ ಮಾತ್ರ ಒಂದಿಷ್ಟು ದಪ್ಪ ಇತ್ತು, ಅಲ್ಲಿ ಯಾರು ಕೂರುತ್ತಾರೆ? ಗಾರೆ ಮೆತ್ತಿ ಟೊಳ್ಳು ತುಂಬುವುದು ಗೊತ್ತಿತ್ತು, ಬರೀ ಗಾಳಿಯಲ್ಲಿದ್ದ ಟೊಳ್ಳು ತುಂಬಿದ್ದು ಜೀವನದಲ್ಲಿ ಅದೇ ಮೊದಲು. ಪವಿತ್ರ ಕುರ್ಚಿಯಲ್ಲಿ ಕೂತು ಅಡವಯ್ಯನ ರೆಕಾರ್ಡಿಂಗ್ ಹಾಕಿದಳು. ಅರ್ಧ ನಿಮಿಷ ಕೇಳಿ, "ಥೂ, ಏನ್ ಮಾಡಿಟ್ಟಿದ್ದೆ ನಾನು" ಎಂದು ತನಗೆ ತಾನೇ ಬೈದುಕೊಂಡು, ಎರಡು ತಿಂಗಳ ಕೆಲಸವನ್ನೆಲ್ಲ ಅಳಿಸಿ ಮೊದಲಿಂದ ಶುರು ಮಾಡಿದಳು. ಮುಖದಲ್ಲಿ ನಗು ಇತ್ತು.

ಮೂರು ದಿನಕ್ಕೆ ಮುಗಿಯಿತು. ಒಳಗೆ ಸರಿ ಕೇಳಿದ್ದು ಹೊರಗೆಲ್ಲ ಸರಿ ಕೇಳಿದರೆ ಮಾತ್ರ ಕೋಣೆ ನಿಜ ಹೇಳಿದ ಹಾಗೆ ಎಂದು ಪವಿತ್ರ ಪೆನ್‌ಡ್ರೈವ್ ಹಿಡಿದು ಹೊರಟಳು. ಹಿಂದೆ ನಾನು. ಟ್ರ್ಯಾಕ್ಟರಿನ ಡಬ್ಬಾ ಸ್ಪೀಕರಿನಲ್ಲಿ ಹಾಕಿದೆವು, ಗಣೆ ಗಣೆಯಾಗಿಯೇ ಇತ್ತು. ಆಟೋದಲ್ಲಿ ಹಾಕಿದೆವು, ಪದದ ಒಂದಕ್ಷರವೂ ಮುಳುಗಲಿಲ್ಲ. ಮಧುಗಿರಿ ಬಸ್ಸಿನ ಡ್ರೈವರ್ ಹತ್ತು ನಿಮಿಷ ಹಾಕಿ ಕೇಳಿ, ಹೊರಡುವ ಹೊತ್ತಾದರೂ ಪೆನ್‌ಡ್ರೈವ್ ವಾಪಸ್ ಕೊಡಲು ಸತಾಯಿಸಿದ. ಕೊನೆಗೆ ಟೀ ಅಂಗಡಿಗೆ ಹೋದೆವು. ಅಲ್ಲಿಯದು ಹರಿದ ಸ್ಪೀಕರ್, ಯಾವ ಹಾಡು ಹಾಕಿದರೂ ತಗಡು ಬಡಿದ ಹಾಗೆ ಕೇಳುತ್ತದೆ. ಬೈಲಪ್ಪ ನಮಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತಿದ್ದ. ಗಣೆ ಶುರುವಾಯಿತು. ಬೈಲಪ್ಪ ಲೋಟ ಹಿಡಿದೇ ಎದ್ದು ರಸ್ತೆಯ ಆಚೆ ಈಚೆ ನೋಡಿದ.

"ಗಣೆ ಯಾರು ತಂದೋರು ಇಲ್ಲಿಗೆ?" ಎಂದು ಕೇಳಿದ.

"ಕೂತ್ಕ ಬೈಲಪ್ಪ. ನನ್ ಸೊಟ್ಟ ಗೋಡೆಯಿಂದ ಬಂದೈತೆ" ಅಂದೆ. ಆ ಮಾತು ಹೇಳುವಾಗ ಸಿಕ್ಕ ಸುಖವನ್ನು ಬಚ್ಚಿಡುವುದಿಲ್ಲ.

ಮಾರನೇ ದಿನ ಅಡವಯ್ಯನನ್ನು ಕರೆತಂದೆವು. ಗಣೆಗೆ ಎಲ್ಲೆ ಇದೆ, ಅವನಿಗಿಲ್ಲ. ಅವನನ್ನು ಪವಿತ್ರಳ ಕುರ್ಚಿಯಲ್ಲಿ ಕೂರಿಸಿದೆವು. ಕಂಬಳಿ ಮುಟ್ಟಿ ನೋಡಿದ, ಉಣ್ಣೆಯ ವಾಸನೆ ಹಿಡಿದು, "ಹಟ್ಟೀಲಿ ಕೂತಂಗೈತೆ" ಅಂದ. ಪವಿತ್ರ ಗುಂಡಿ ಒತ್ತಿದಳು. ಒಂದು ಗಂಟೆ ಅವನು ಅಲುಗಾಡಲಿಲ್ಲ. ಮಡಿಲಲ್ಲಿ ಬೆರಳುಗಳು ಮಾತ್ರ ಇಲ್ಲದ ಗಣೆಯ ತೂತುಗಳನ್ನು ಮುಚ್ಚಿ ತೆರೆಯುತ್ತಿದ್ದವು. ಒಂದು ಕಡೆ ಊದು ನಿಂತು, ಪದ ಹಿಡಿಯುವ ಮುಂಚೆ ಉಸಿರು ಎಳೆದುಕೊಂಡದ್ದು ಕೇಳಿತು.

"ಅದೂ ಕೇಳ್ತೈತಲ್ಲಮ್ಮ" ಅಂದ.

"ತೆಗೀಲಾ ತಾತ?"

"ಬ್ಯಾಡ, ಇರ್ಲಿ. ಆ ಉಸ್ರು ಇದ್ದಿದ್ಕೇ ಮುಂದಿನ ಪದ ಬಂದದ್ದು." ಎದ್ದು ಅವಳ ತಲೆ ಮೇಲೆ ಕೈ ಇಟ್ಟ. "ಇನ್ನ ಕಳ್ಸು ಮಗ."

ಅವತ್ತು ಮಧ್ಯಾಹ್ನವೇ ಕಳಿಸಿದಳು. ಕೊಟ್ಟ ಗಡುವಿಗೆ ಇನ್ನೂ ಎರಡು ದಿನ ಇತ್ತು. ಒಂದು ದಿನ ಹೋಯಿತು, ಉತ್ತರವಿಲ್ಲ. ಎರಡನೇ ದಿನ ಹೋಯಿತು, ಇಲ್ಲ. ಪವಿತ್ರ ಫೋನು ತಿರುಗಿಸಿ ಮಲಗಿಸಿಟ್ಟಳು. ಕೊಲ್ಲಾಪುರಮ್ಮ ನನ್ನ ಮೇಲೂ ಅವಳ ಮೇಲೂ ಕಾರಣವಿಲ್ಲದೆ ರೇಗಿದಳು. ನಾನು ಕೆಲಸವಿಲ್ಲದೆ ಕೂರಲಾರದೆ, ಕೆಳಗೆ ಜಗಲಿಯ ಒಡೆದ ಅಂಚಿಗೆ ಸಿಮೆಂಟು ಕಲಸಿ ಮೆತ್ತತೊಡಗಿದೆ. ಮೂರನೇ ದಿನ ಬೆಳಿಗ್ಗೆ ಮನೆಯ ಮುಂದೆ ಒಂದು ಕಾರು ನಿಂತಿತು. ಕನ್ನಡಕದ ಒಬ್ಬರು ಇಳಿದು, ಪವಿತ್ರ ಅವರ ಮನೆ ಇದೇನಾ ಎಂದು ಕೇಳಿದರು. ನಾಗಭೂಷಣ್.

ಪವಿತ್ರ ಓಡಿಬಂದಳು. ಅವರು ಕೂರಲೂ ಇಲ್ಲ. "ನಿಜ ಹೇಳಿ ಪವಿತ್ರಾವ್ರೇ, ಇದನ್ನ ಎಲ್ಲಿ ಮಾಡಿಸಿದ್ರಿ? ಚೆನ್ನೈಗೆ ಹೋಗಿದ್ರಾ?"

"ಮಹಡಿ ಮೇಲೆ ಸರ್" ಅಂದಳು.

ಇಬ್ಬರೂ ಮೇಲೆ ಹೋದರು. ನಾನು ಕೈಯ ಸಿಮೆಂಟು ಸಮೇತ ಹಿಂದೆಯೇ ಹತ್ತಿ ಬಾಗಿಲ ಹತ್ತಿರ ನಿಂತೆ. ನಾಗಭೂಷಣ್ ಕುರ್ಚಿಯಲ್ಲಿ ಕೂತು ಗಣೆಯನ್ನು ಮತ್ತೆ ಕೇಳಿದರು. ತಾವು ತಂದಿದ್ದ ಬೇರೆ ನಾಲ್ಕಾರು ಹಾಡು ಹಾಕಿಸಿಕೊಂಡು ಕೇಳಿದರು. ಎದ್ದು ಜಾಲರಿ ಗೋಡೆಯ ಸಂದಿನೊಳಗೆ ಬೆರಳು ಹಾಕಿದರು, ಮೂಲೆಯ ಬಟ್ಟೆ ಒತ್ತಿದರು, ತಲೆ ಎತ್ತಿ ತಡಿಕೆ ನೋಡಿದರು. ಅಷ್ಟರಲ್ಲಿ ನನ್ನ ಕೈಯ ಸಿಮೆಂಟು ಗಟ್ಟಿಯಾಗತೊಡಗಿತ್ತು.

"ಗಣೆ ಸಂಪುಟದಲ್ಲಿ ಮೊದಲನೇದಾಗಿ ಬರುತ್ತೆ" ಅಂದರು. "ಪಾವಗಡದ ಕಡೆ ರೆಕಾರ್ಡ್ ಮಾಡಿದ್ದು ಇನ್ನೂ ಎಂಟು ಇದೆ. ಅಲ್ಲಿ ಯಾರು ಮಾಡಿದ್ರೂ ನನಗೆ ಸಮಾಧಾನ ಆಗ್ತಿಲ್ಲ. ಎಲ್ಲಾ ಇಲ್ಲಿಗೇ ಕಳಿಸ್ತೀನಿ, ನೀವೇ ಮಾಡಿ." ಪವಿತ್ರ ಆಗಲಿ ಸರ್ ಎಂದು ಮೆಲ್ಲಗೆ ಹೇಳಿ ಮೇಜಿನ ಅಂಚು ಹಿಡಿದುಕೊಂಡಳು. ಅವರು ಮತ್ತೆ ಗೋಡೆಯ ಕಡೆ ತಿರುಗಿ, "ಈ ರೂಮ್ ಯಾರು ಮಾಡಿದ್ದು? ಯಾವ ಊರಿನ ಎಂಜಿನಿಯರ್?" ಎಂದು ಕೇಳಿದರು.

ನಮ್ಮಪ್ಪ ಅನ್ನುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಲಿಲ್ಲ. ಬೆನ್ನು ನೇರ ಮಾಡಿ, ಹೊರಗಿನವರ ಹೆಸರು ಹೇಳುವಷ್ಟು ಮರ್ಯಾದೆಯಿಂದ, "ಬೋರಣ್ಣ ಮೇಸ್ತ್ರಿ ಅಂತ ಸರ್. ಬಡವನಹಳ್ಳಿಯವರು. ಸದ್ದು ಎಲ್ಲಿ ತುಂಬುತ್ತೆ, ಎಲ್ಲಿ ಟೊಳ್ಳಾಗುತ್ತೆ ಅಂತ ಮಿಷೀನ್ ಇಲ್ದೆ ಕಿವೀಲೇ ಹಿಡೀತಾರೆ" ಅಂದಳು.

"ಬೆಂಗಳೂರಲ್ಲಿ ನಮ್ಮ ರೂಮ್ ಒಂದನ್ನ ಅವರಿಗೆ ತೋರಿಸಬೇಕಲ್ಲ. ಅವರ ನಂಬರ್ ಸಿಗುತ್ತಾ?"

ಪವಿತ್ರ ಈಗ ತಿರುಗಿ ನನ್ನನ್ನು ತೋರಿಸಿದಳು. ನಾಗಭೂಷಣ್ ಫೋನು ತೆಗೆದು ನನ್ನ ಎದುರು ಬಂದು ನಿಂತು, ಹೇಳಿ ಸರ್ ಎಂದರು. ಹನ್ನೆರಡು ವರ್ಷದಿಂದ ನನ್ನ ಹತ್ತಿರ ಇರುವುದು ಒಂದೇ ನಂಬರು. ಅದನ್ನೇ ಎರಡು ಸಲ ತಪ್ಪು ಹೇಳಿದೆ.